ಸೊನ್ನೆ ಸೆಕೆಂಡಿನ ಕರೆಗಳು

ಕೋಲ್ಕತ್ತದ ಕಸ್ಬಾದಲ್ಲಿ, ದೊಡ್ಡ ಮಾಲ್‌ನ ಬೆನ್ನಿಗಿರುವ ಬೀದಿಯಲ್ಲಿ ಧ್ವನಿಕೋಶ ಎಂಬ ಕಂಪನಿಯ ಕಚೇರಿಯಿದೆ. ಅಲ್ಲಿ ಚೆನ್ನಮ್ಮ ಪಾಟೀಲಳನ್ನು ಯಾರೂ ಚೆನ್ನಮ್ಮ ಎಂದು ಕರೆಯುವುದಿಲ್ಲ. ಆಕೆ ಕೆಲಸಕ್ಕೆ ಸೇರಿದ ವಾರವೇ ಬಂಗಾಳಿ ನಾಲಿಗೆಗಳಲ್ಲಿ ಆ ಹೆಸರು ಉರುಳಾಡಿ ‘ಛಾನಾದೀದಿ’ ಆಗಿಹೋಯಿತು. ಛಾನಾ ಎಂದರೆ ಅವರಲ್ಲಿ ಹಾಲು ಒಡೆಸಿ ಬಸಿದ ಗಟ್ಟಿ. ಸಂದೇಶ, ರಸಗುಲ್ಲಗಳೆಲ್ಲ ಅದರಿಂದಲೇ ಆಗುವುದು. “ಮೆತ್ತಗಿನ ಹೆಸರು ಕೊಟ್ಟಾರ, ಮನಿಶಿ ಮೆತ್ತಗಿಲ್ಲ ಅನ್ನೂದು ಗೊತ್ತಾಗೂತನಕ ತಡೀರಿ,” ಎಂದು ಆಗ ಗಂಡ ಚಂದ್ರಶೇಖರ ನಕ್ಕಿದ್ದ.

ಚಂದ್ರಶೇಖರನ ಕೆಲಸದ ಕಾರಣಕ್ಕೇ ಅವರು ಈ ಊರಿಗೆ ಬಂದದ್ದು. ಆತ ಮಣ್ಣಿನ ವಿಜ್ಞಾನಿ. ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುತ್ತಾನೆ, ರಜೆ ಬಂದರೆ ಸುಂದರಬನದ ದ್ವೀಪಗಳಲ್ಲಿ ಉಪ್ಪುಮಣ್ಣು ಅಗೆಯುತ್ತಾನೆ. ಬೈಲಹೊಂಗಲದಲ್ಲಿ ಹುಟ್ಟಿ, ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದ್ದ ಚೆನ್ನಮ್ಮನಿಗೆ ಮದುವೆಯಾಗಿ ಬಂದಾಗ ಬಂಗಾಳಿಯ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಲೇಕ್ ಮಾರ್ಕೆಟ್ಟಿನ ಹತ್ತಿರ ಮನೆ ಹಿಡಿದದ್ದು, ಅಲ್ಲಿನ ದಕ್ಷಿಣದವರ ಅಂಗಡಿಗಳಲ್ಲಿ ಹುಣಸೆಹಣ್ಣು ಕರಿಬೇವಾದರೂ ಸಿಗುತ್ತದೆ ಎಂದು. ಕಾಲೇಜು ಹುಡುಗರಿಗೆ ಟ್ಯೂಷನ್ ಹೇಳಿದಳು. ಮಗಳು ಮೈತ್ರಿ ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಧ್ವನಿಕೋಶಕ್ಕೆ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಕೊಟ್ಟ ಮಾದರಿ ಲೆಕ್ಕದಲ್ಲೇ ತಪ್ಪಿದೆ ಎಂದು ವಾದಕ್ಕೆ ಬಿದ್ದು, ತಪ್ಪು ತನ್ನದೇ ಎಂದು ತಿಳಿದಾಗ ಎದ್ದು ನಿಂತು ಕ್ಷಮೆ ಕೇಳಿ, ಮತ್ತೆ ಕೂತು ಲೆಕ್ಕ ಮುಗಿಸಿದಳಂತೆ. ಕಂಪನಿಯ ಮಾಲೀಕ ರಂಜಿತ್ ಸೆನ್‌ಗುಪ್ತ ಅದನ್ನು ಈಗಲೂ ಹೊಸಬರಿಗೆ ಹೇಳುತ್ತಾನೆ.

ಕಂಪನಿ ಮಾಡುವುದೇನು ಎಂದು ಊರಲ್ಲಿದ್ದ ತಾಯಿ ಇಂದಿರಮ್ಮನಿಗೆ ತಿಳಿಸಲು ಚೆನ್ನಮ್ಮ ಬಹಳ ಒದ್ದಾಡಿದ್ದಳು.

“ಅವ್ವಾ, ನೀ ಯಾರಿಗರ ಫೋನ್ ಹಚ್ಚಿದಿ ಅಂತ ತಿಳಕೋ. ಯಾವ ಟವರಿನಿಂದ ಹೋತು, ಎಷ್ಟು ಹೊತ್ತು ನಡೀತು ಅಂತ ಒಂದು ಸಾಲು ದಾಖಲಾಗ್ತೈತಿ. ನೀ ಏನ ಮಾತಾಡಿದಿ ಅನ್ನೂದಲ್ಲ, ಬರೇ ಲೆಕ್ಕ. ಅಂಥಾ ಕೋಟಿಗಟ್ಲೆ ಸಾಲು ದಿನಾ ಬರ್ತಾವು. ಮೊಬೈಲ್ ಕಂಪನಿಯವರು ಅವನ್ನ ನಮಗ ಕಳಸ್ತಾರ. ಹಸನ ಮಾಡಿ, ಬೇಕಂದಾಗ ಕೈಗೆ ಸಿಗೂಹಂಗ ತುಂಬಿಡೂದು ನಮ್ಮ ಕೆಲಸ.”

“ಅಂದ್ರ ಹಗೇವು ಅನ್ನು,” ಎಂದಿದ್ದಳು ನೆಲದೊಳಗಿನ ಕಣಜದಲ್ಲಿ ಜೋಳ ತುಂಬಿಟ್ಟು ಬದುಕಿದ ಆ ಮುದುಕಿ. “ಜೋಳದ ಬದಲಿ ಫೋನಿನ ಲೆಕ್ಕ. ಹುಳಾ ಬೀಳಧಂಗ ನೋಡ್ಕೋರಿ.”

ಇಷ್ಟು ಚೆನ್ನಾಗಿ ಕಂಪನಿಯ ಜಾಹೀರಾತೂ ಹೇಳಿರಲಿಲ್ಲ.

ಹಸನ ಮಾಡುವ ಈ ಕೆಲಸದಲ್ಲೇ ಚೆನ್ನಮ್ಮನಿಗೂ ರಂಜಿತನಿಗೂ ಮೊದಲ ಜಗಳವಾದದ್ದು. ಬರುವ ಸಾಲುಗಳಲ್ಲಿ ಒಂದು ಜಾತಿಯವನ್ನು ಕಣಜಕ್ಕೆ ಸೇರಿಸುವ ಮೊದಲೇ ತೂರಿ ಎಸೆಯುತ್ತಿದ್ದರು. ಯಾರೋ ಕರೆ ಮಾಡಿದ್ದಾರೆ, ಅದು ಸೇರಬೇಕಾದಲ್ಲಿಗೆ ಸೇರಿಲ್ಲ; ಮಾತು ನಡೆದಿಲ್ಲ, ಅವಧಿ ಸೊನ್ನೆ ಸೆಕೆಂಡು. ಅವಧಿಯಿಲ್ಲದ ಕರೆಗೆ ಬಿಲ್ಲಿಲ್ಲ, ಬಿಲ್ಲಿಲ್ಲದ್ದಕ್ಕೆ ಜಾಗವೇಕೆ?

“ಕಸ, ದೀದಿ,” ಎಂದ ರಂಜಿತ್ ಸಭೆಯಲ್ಲಿ. “ಗಿರಾಕಿಗಳು ಕೇಳಿಲ್ಲ. ಇಟ್ಟುಕೊಂಡರೆ ಯಂತ್ರದ ಖರ್ಚು ನಮ್ಮ ತಲೆಯ ಮೇಲೆ.”

“ನಮಗೆ ಸೊನ್ನೆ. ಕರೆ ಮಾಡಿದವರಿಗೆ ಸೊನ್ನೆ ಅಲ್ಲ,” ಎಂದಳು ಚೆನ್ನಮ್ಮ ತನ್ನ ಮುರುಕು ಬಂಗಾಳಿಯಲ್ಲಿ. “ಅವರು ಯಾರಿಗೋ ಏನೋ ಹೇಳಬೇಕಿತ್ತು.”

“ಅದರಿಂದ ನಮಗೇನು ಉಪಯೋಗ? ಅದನ್ನು ಹೇಳಿ.”

ನೆಟ್‌ವರ್ಕ್ ಎಲ್ಲಿ ಸೊರಗಿದೆಯೆಂದು ಗೊತ್ತಾಗುತ್ತದೆ ಎಂದು ಹೇಳಿ ನೋಡಿದಳು ಚೆನ್ನಮ್ಮ. ಅದಕ್ಕೆ ಮೊಬೈಲ್ ಕಂಪನಿಗಳ ಹತ್ತಿರ ಬೇರೆ ವ್ಯವಸ್ಥೆ ಇದೆ ಎಂಬ ಉತ್ತರ ಸಿದ್ಧವಿತ್ತು. ಆದರೂ ಬಿಡಲಿಲ್ಲ. ಗುಜರಿಗೆ ಹೋಗಲಿದ್ದ ಹಳೆಯ ಯಂತ್ರಗಳನ್ನು ಕೇಳಿ ಪಡೆದಳು. ಕರೆ ಮಾಡಿದವರ ನಂಬರು ಅಳಿಸಿ, ಟವರು ಮತ್ತು ಹೊತ್ತು ಮಾತ್ರ ಉಳಿಯುವಂತೆ ಆ ಸಾಲುಗಳನ್ನು ಕುಗ್ಗಿಸಿ, ಒಂದು ಮೂಲೆಯಲ್ಲಿ ಪೇರಿಸತೊಡಗಿದಳು. ಕಚೇರಿಯವರು ಅದಕ್ಕೆ ‘ಛಾನಾದೀದಿಯ ಗುಜರಿ’ ಎಂದು ಹೆಸರಿಟ್ಟರು. ವರ್ಷಗಳು ಕಳೆದವು, ಆ ಗುಜರಿಯನ್ನು ಕೇಳಿಕೊಂಡು ಒಬ್ಬರೂ ಬರಲಿಲ್ಲ. ಆಕೆ ಮಾತ್ರ ಅದಕ್ಕೆ ಹುಳ ಬೀಳಗೊಡಲಿಲ್ಲ.

ಆಕೆಯ ಜೊತೆ ಕೆಲಸ ಮಾಡುವುದು ಸುಲಭವಿತ್ತೆಂದಲ್ಲ. ಹಿಡಿದ ಪಟ್ಟು ಬಿಡದವಳು, ಮಾತು ಖಾರ. ಆಕೆಯ ತಂಡಕ್ಕೆ ಬಂದ ಕೆಲವರು ಬೇರೆ ತಂಡ ಬೇಡಿ ಓಡಿದ್ದಾರೆ. ಕಂಪನಿಯ ಸುದ್ದಿ ಬರೆಯಲು ಬೆಂಗಳೂರಿನಿಂದ ಬಂದಿದ್ದ ಅಪೂರ್ವಾ ತನ್ನ ಮೊದಲ ಬರಹವನ್ನು ತೋರಿಸಿದಾಗ, ಚೆನ್ನಮ್ಮ ಅದನ್ನು ಓದಿ, “ಇದರಾಗ ‘ಕ್ರಾಂತಿಕಾರಿ’ ಅನ್ನೂ ಶಬ್ದ ನಾಕು ಸರ್ತಿ ಬಂದೈತಿ. ಕ್ರಾಂತಿ ಎಲ್ಲಿ ಆತವಾ?” ಎಂದು ಕೇಳಿ ಹುಡುಗಿಯ ಕಣ್ಣಲ್ಲಿ ನೀರು ತರಿಸಿದ್ದಳು. ಸಂಜೆ ಅವಳನ್ನು ಮನೆಗೆ ಕರೆದೊಯ್ದು ಊಟಕ್ಕೆ ಹಾಕಿದ್ದೂ ಚೆನ್ನಮ್ಮನೇ. ಅಡುಗೆ ಮಾಡಿದವನು ಮಾತ್ರ ಚಂದ್ರಶೇಖರ.

ಹೀಗಿರುವಾಗ ಒಂದು ಮೇ ತಿಂಗಳಲ್ಲಿ ಚಂಡಮಾರುತ ಬಂತು.

ಒಂದಿಡೀ ದಿನ ಊರು ಬಾಗಿಲು ಹಾಕಿಕೊಂಡು ಕೂತಿತು. ಮರುದಿನ ಬೆಳಕು ಹರಿದಾಗ ಗಾಳಿ ನಿಂತಿತ್ತು. ಬೀದಿ ತುಂಬ ನೀರು, ನೀರಿನ ಮೇಲೆ ಬುಡಸಮೇತ ಬಿದ್ದ, ಇಲ್ಲಿಯವರು ಕೃಷ್ಣಚೂಡ ಎನ್ನುವ ಗುಲ್‌ಮೊಹರ್ ಮರಗಳು, ಹರಿದ ತಂತಿಗಳು. ಕರೆಂಟಿಲ್ಲ, ಫೋನಿಲ್ಲ. ಮೈತ್ರಿ ಕಿಟಕಿಯಲ್ಲಿ ನಿಂತು, “ಮಾ, ಪುರೋ ಪಾಡಾ ಡುಬೇ ಗೇಛೇ! ಕಾರ್‌ಗಳೆಲ್ಲಾ ಫ್ಲೋಟಿಂಗ್!” ಎಂದು ಮೂರು ಭಾಷೆಗಳಲ್ಲಿ ಕೂಗಿದಳು. ಇಡೀ ಓಣಿ ಮುಳುಗಿದ್ದು ನಿಜವೇ.

ಚೆನ್ನಮ್ಮ ಸೀರೆಯ ನೆರಿಗೆ ಎತ್ತಿ ಕಟ್ಟಿದಳು.

“ಎಲ್ಲಿಗಿ?” ಎಂದ ಚಂದ್ರಶೇಖರ.

“ಆಫೀಸಿಗೆ. ಅಲ್ಲಿ ಜನರೇಟರ್ ಐತಿ. ಟವರಿನ ಸಾಲು ಬರಾಕತ್ತಾವೋ ಇಲ್ಲೋ ನೋಡಬೇಕು.”

“ನಾನೂ ಬರ್ತೇನಿ. ಒಬ್ಬಾಕಿನ್ನ ಕಳಸೂದಿಲ್ಲ.” ಮಗಳನ್ನು ಮೇಲಿನ ಮನೆಯವರಿಗೆ ಒಪ್ಪಿಸಿ, ಡಬ್ಬಿಯಲ್ಲಿ ಅವಲಕ್ಕಿ ಕಟ್ಟಿಕೊಂಡು ಅವನೂ ಹೊರಟ. ಇಬ್ಬರೂ ಮೊಳಕಾಲುದ್ದ ನೀರಿನಲ್ಲಿ, ತಂತಿಗಳಿಂದ ದೂರ ಸರಿಯುತ್ತ, ರೈಲುಹಳಿಯ ಮೇಲಿನ ಸೇತುವೆ ದಾಟಿ ಕಸ್ಬಾ ಮುಟ್ಟಿದರು. ಕಚೇರಿಯಲ್ಲೇ ಉಳಿದಿದ್ದ ರಂಜಿತ್ ಕೆಂಪುಗಣ್ಣು ಮಾಡಿಕೊಂಡು ಬಾಗಿಲು ತೆರೆದ.

“ಎಲ್ಲ ಸತ್ತಿದೆ, ದೀದಿ. ದಕ್ಷಿಣದ ದ್ವೀಪಗಳಿಂದ ಒಂದು ಕರೆಯೂ ದಾಖಲಾಗುತ್ತಿಲ್ಲ.”

ದೊಡ್ಡ ಪರದೆಯಲ್ಲಿ ಆ ಕಡೆಯ ಭಾಗವೆಲ್ಲ ಖಾಲಿ ಇತ್ತು. ಚೆನ್ನಮ್ಮ ಒದ್ದೆ ಸೀರೆಯಲ್ಲೇ ಕೂತು ತನ್ನ ಗುಜರಿಯನ್ನು ತೆರೆದಳು. “ರೀ, ಇಲ್ಲೆ ಬರ್ರಿ,” ಎಂದು ಗಂಡನನ್ನು ಕರೆದಳು.

ದ್ವೀಪಗಳು ಸತ್ತಿರಲಿಲ್ಲ. ಕೆಲವು ಟವರುಗಳು ಬ್ಯಾಟರಿಯ ಮೇಲೆ ಇನ್ನೂ ಉಸಿರಾಡುತ್ತಿದ್ದವು. ಅವುಗಳಿಂದ ಹೊರಗೆ ಬರುವ ದಾರಿ ಕಟ್ಟಿಹೋಗಿ ಎಳೆಯಷ್ಟೇ ಉಳಿದಿತ್ತು; ಮಾತು ಹಾಯುವಷ್ಟು ಇರಲಿಲ್ಲ. ಆದರೆ ಕರೆಯ ಪ್ರಯತ್ನವೊಂದು ನಡೆಯಿತೆಂಬ ಸುಳಿವು ಮಾತ್ರ ಆ ಎಳೆಯಲ್ಲಿ ಹಾದುಬರುತ್ತಿತ್ತು. ಸೊನ್ನೆ ಸೆಕೆಂಡು, ಸೊನ್ನೆ ಸೆಕೆಂಡು, ಸೊನ್ನೆ ಸೆಕೆಂಡು. ಒಂದೊಂದು ಟವರಿನಿಂದ ಸಾವಿರಾರು. ಅಲ್ಲಿ ಜನ ಗುಂಪಾಗಿ ನಿಂತು ಕರೆಯುತ್ತಿದ್ದರು, ಕರೆಯುತ್ತಲೇ ಇದ್ದರು.

ಇಷ್ಟು ವರ್ಷ ಅವು ಚೆನ್ನಮ್ಮನಿಗೂ ಬರೀ ಸಾಲುಗಳೇ ಆಗಿದ್ದವು.

ಆಕೆ ಆ ಟವರುಗಳನ್ನು ನಕ್ಷೆಯ ಮೇಲೆ ಹಾಕಿದಳು. ಕರೆ ಹೆಚ್ಚಾದಲ್ಲಿ ಚುಕ್ಕೆ ದೊಡ್ಡದು. ಚಂದ್ರಶೇಖರ ಆ ದ್ವೀಪಗಳ ಮಣ್ಣನ್ನು ಕಾಲಲ್ಲಿ ತುಳಿದವನು. ಚುಕ್ಕೆಗಳ ಮೇಲೆ ಬೆರಳಿಟ್ಟು ಹೇಳುತ್ತಾ ಹೋದ: “ಇಲ್ಲಿ ಒಡ್ಡು ಹೊಸದು, ನಿಂತಿರಬೇಕು. ಇಲ್ಲಿ ಮಣ್ಣು ಹುಡಿ, ಒಡ್ಡು ಒಡದಿರ್ತೈತಿ. ಈ ಮೂಲ್ಯಾಗ ಒಂದ ಸಾಲಿ ಐತಿ, ಎರಡ ಮಜಲಿ. ಜನಾ ಎಲ್ಲಾ ಅಲ್ಲೇ ಏರಿರಬೇಕು.”

ಆ ಟವರುಗಳ ಒಡೆತನದ ಮೊಬೈಲ್ ಕಂಪನಿಯಲ್ಲಿ ದುರಸ್ತಿಯ ಹೊಣೆ ಹೊತ್ತವನು ಅಭಯ ಮಹಾಂತಿ. ಕಚೇರಿಯ ಸ್ಯಾಟಲೈಟ್ ಫೋನಿನಲ್ಲಿ ಬಹಳ ಹೊತ್ತು ಪ್ರಯತ್ನಿಸಿದ ಮೇಲೆ ಆತ ಸಿಕ್ಕ.

“ಮೇಡಂ, ನಮ್ಮ ಪರದೆಯಲ್ಲಿ ದಕ್ಷಿಣವೆಲ್ಲ ಕೆಂಪು. ಒಂದೂ ಟವರ್ ಬದುಕಿಲ್ಲ. ನಮ್ಮ ತಂಡಗಳನ್ನು ನಗರಕ್ಕೆ ಹಾಕಿದ್ದೇವೆ, ಅಲ್ಲಾದರೆ ಬೇಗ ಕೆಲಸವಾಗುತ್ತದೆ.”

“ನಿಮ್ಮ ಪರದೆಗೆ ಸುದ್ದಿ ಮುಟ್ಟಿಸುವ ಯಂತ್ರವೇ ಮುಳುಗಿದೆ. ಸತ್ತ ಟವರು ಸೋತ ಕರೆಯನ್ನೂ ಕಳಿಸುವುದಿಲ್ಲ, ಅಭಯ್‌ಬಾಬು. ನಿಮ್ಮ ಟವರುಗಳು ನನಗೆ ಅದನ್ನು ಕಳಿಸುತ್ತಿವೆ. ಈಗಲೂ, ನಿಮ್ಮ ಜೊತೆ ಮಾತಾಡುವಾಗಲೂ ಬರುತ್ತಿದೆ.”

ಆತ ಕೇಳಿದ: “ಬ್ಯಾಟರಿ ಎಷ್ಟು ಹೊತ್ತು ತಡೆಯಬಹುದು?”

“ಅದು ನಿಮಗೇ ಗೊತ್ತು. ನನಗೆ ಗೊತ್ತಿರುವುದು ಇಷ್ಟೇ, ಬೆಳಿಗ್ಗೆಯಿಂದ ನಾನು ನೋಡುತ್ತಿರುವಂತೆಯೇ ಎರಡು ಸುಮ್ಮನಾಗಿವೆ.”

ಅಭಯ ತಡಮಾಡಲಿಲ್ಲ. ನಕ್ಷೆಯನ್ನು ತರಿಸಿಕೊಂಡು ಜಿಲ್ಲಾಡಳಿತಕ್ಕೂ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಡೀಸೆಲ್ ಕ್ಯಾನು ಮತ್ತು ತಂತ್ರಜ್ಞರನ್ನು ಹೊತ್ತ ದೋಣಿಗಳು ದೊಡ್ಡ ಚುಕ್ಕೆಗಳತ್ತ ಹೊರಟವು. ಅದೇ ದೋಣಿಗಳಲ್ಲಿ ಪರಿಹಾರದ ತಂಡದವರೂ ಹತ್ತಿದರು. ಚೆನ್ನಮ್ಮ ಮೂರು ದಿನ ಆ ಕುರ್ಚಿಯಲ್ಲೇ ಕೂತು ನಕ್ಷೆಯನ್ನು ತಿದ್ದುತ್ತಿದ್ದಳು. ರಂಜಿತ್ ತಾನೇ ಸ್ಟವ್ ಹಚ್ಚಿ ಎಲ್ಲರಿಗೂ ಖಿಚುಡಿ ಬೇಯಿಸಿದ. ಒಂದೊಂದೇ ಟವರಿನಲ್ಲಿ ಸೊನ್ನೆಗಳು ಕಡಿಮೆಯಾಗಿ, ನಿಜವಾದ ಕರೆಗಳು ದಾಖಲಾಗತೊಡಗಿದವು. ಚಿಕ್ಕ ಚಿಕ್ಕ ಕರೆಗಳು. ಬದುಕಿದ್ದೇವೆ ಎಂದು ಹೇಳಿ ಮುಗಿಸುವಷ್ಟು ಉದ್ದದವು.

ಇದಾದ ಮೇಲೆ ಕಂಪನಿಗೆ ಅದರ ಬಗ್ಗೆ ಒಂದು ಸುದ್ದಿಬರಹ ಬೇಕಾಯಿತು. ಬೇಡವೆನ್ನುವ ಹಾಗೂ ಇರಲಿಲ್ಲ. ಗಿರಾಕಿಗಳು ಕೇಳುತ್ತಿದ್ದರು, ಪತ್ರಿಕೆಗಳಿಗೂ ಗಾಳಿಸುದ್ದಿ ಹೋಗಿತ್ತು. ಅಪೂರ್ವಾ ಬರೆದು ತಂದ ಮೊದಲ ಪ್ರತಿಯ ತಲೆಬರಹ ಹೀಗಿತ್ತು: ‘ಸಾವಿರಾರು ಜೀವ ಉಳಿಸಿದ ಧ್ವನಿಕೋಶ’.

ರಂಜಿತನಿಗೆ ಬಹಳ ಹಿಡಿಸಿತು. ಚೆನ್ನಮ್ಮ ಓದಿ ಮೇಜಿನ ಮೇಲಿಟ್ಟಳು. “ನಾವು ಯಾರನ್ನ ಉಳಿಸೀವಿ? ಹೆಸರು ಹೇಳು.”

“ಮೇಡಂ, ಅದು ಹಂಗೆ ಬರೀತಾರೆ. ಇಂಪ್ಯಾಕ್ಟ್ ಕಾಣ್ಬೇಕಲ್ವಾ?” ಎಂದಳು ಅಪೂರ್ವಾ. ಈಗ ಅವಳು ಅಳುವ ಹುಡುಗಿಯಾಗಿರಲಿಲ್ಲ. “ಇಷ್ಟು ದೊಡ್ಡ ಕೆಲ್ಸ ಮಾಡಿ ಮುಚ್ಚಿಟ್ಕೊಳೋದೂ ಸರಿಯಲ್ಲ. ನೀವು ಸುಮ್ನಿದ್ರೆ ಇನ್ಯಾರೋ ಸುಳ್ಳುಸುಳ್ಳೇ ಬರೀತಾರೆ.”

ಆ ಮಾತು ಚೆನ್ನಮ್ಮನಿಗೆ ನಾಟಿತು. “ಹಂಗಾರ ಹೋಗಿ ನೋಡಿ ಬರಿಯೂಣು. ನಡಿ.”

ಆ ಭಾನುವಾರ ಇಬ್ಬರೂ ರೈಲು ಹತ್ತಿ, ವ್ಯಾನ್ ಹಿಡಿದು, ಘಾಟಿನಲ್ಲಿ ಯಂತ್ರದ ದೋಣಿ ಏರಿ ಆ ಎರಡು ಮಜಲಿನ ಶಾಲೆ ಇರುವ ದ್ವೀಪಕ್ಕೆ ಹೋದರು. ಗದ್ದೆಗಳಲ್ಲಿ ಉಪ್ಪುನೀರು ನಿಂತು ಕೆಟ್ಟ ವಾಸನೆ ಬರುತ್ತಿತ್ತು. ಶಾಲೆಯ ಮಹಡಿಯಲ್ಲಿ ಇನ್ನೂ ಹಲವು ಸಂಸಾರಗಳಿದ್ದವು. ಅಲ್ಲಿ ಮಾಳತಿ ಮಂಡಲ್ ಎಂಬ ಆರೋಗ್ಯ ಕಾರ್ಯಕರ್ತೆ ಸಿಕ್ಕಳು. ಒಡ್ಡು ಒಡೆದ ಮೇಲೆ ಓಣಿಯ ಜನರನ್ನೆಲ್ಲ ಮಹಡಿಗೆ ಹತ್ತಿಸಿದವಳು ಅವಳೇ. ನೀರಿನ ಜೊತೆ ಹಾವುಗಳೂ ಬಂದಿದ್ದವು. ಒಂದು ಹಾವು ಅವಳ ಮಾವನನ್ನು ಕಚ್ಚಿತ್ತು.

“ದೋಣಿ ಕಳಿಸಿ ಅನ್ನೋದಕ್ಕೆ ಫೋನ್ ಮಾಡಿದೆ,” ಎಂದಳು ಮಾಳತಿ. “ಹೋಗಲಿಲ್ಲ. ಮತ್ತೆ ಮಾಡಿದೆ. ನನ್ನ ಫೋನು ಮುಗಿದ ಮೇಲೆ ಬೇರೆಯವರ ಫೋನಿನಿಂದ ಮಾಡಿದೆ. ಒಂದೂ ಹೋಗಲಿಲ್ಲ, ದೀದಿ. ಕೊನೆಗೆ ಹೋಗೋದಿಲ್ಲ ಅಂತ ಗೊತ್ತಿದ್ದೂ ಮಾಡ್ತಿದ್ದೆ. ಸುಮ್ಮನೆ ಕೂರೋದಕ್ಕೆ ಆಗಲಿಲ್ಲ, ಅದಕ್ಕೆ. ಅಷ್ಟರಲ್ಲಿ ಟವರಿನವರ ದೋಣಿ ಬಂತು. ಅದರಲ್ಲೇ ಮಾವನನ್ನು ಆಸ್ಪತ್ರೆಗೆ ಒಯ್ದರು. ದೇವರೇ ಕಳಿಸಿದ.”

ಕರೆಗಳು ಬಂದಿದ್ದವು, ನಾನು ನೋಡಿದೆ ಎಂದು ಹೇಳಲು ಬಾಯಿ ತೆರೆದ ಚೆನ್ನಮ್ಮ, ಮಾಳತಿಯ ಕೈ ಹಿಡಿದುಕೊಂಡಳು ಅಷ್ಟೇ. ಆಮೇಲೆ ಅಪೂರ್ವಾಳೇ ಬಂಗಾಳಿ ಹಿಂದಿ ಬೆರೆಸಿ ಅದನ್ನು ವಿವರಿಸಿದಳು. ಮಾಳತಿ ಕಣ್ಣರಳಿಸಿ ಕೇಳಿದಳು: “ಹೋಗದೇ ಇದ್ದ ಫೋನೂ ಎಲ್ಲೋ ಸೇರಿತ್ತಾ?”

“ಸೇರಿತ್ತು,” ಎಂದಳು ಚೆನ್ನಮ್ಮ.

ದ್ವೀಪದ ಇನ್ನೊಂದು ತುದಿಗೂ ಹೋದರು. ಅಲ್ಲಿನ ಟವರು, ಚಂಡಮಾರುತದ ಮರುದಿನ ಬೆಳಿಗ್ಗೆ ಚೆನ್ನಮ್ಮನ ಕಣ್ಣೆದುರೇ ಸುಮ್ಮನಾದ ಎರಡರಲ್ಲಿ ಒಂದು. ಸದ್ದಿಲ್ಲದ ಆ ಊರಿಗೆ ದೋಣಿ ತಡವಾಗಿ ಬಂತು. ಎದೆನೋವೆಂದು ಕೂತ ಒಬ್ಬ ಮೀನುಗಾರ ಕೂತಲ್ಲೇ ತೀರಿಕೊಂಡಿದ್ದ. ಅವನ ಹೆಂಡತಿ ಹಸಿಗೋಡೆಗೆ ಒರಗಿ ಕೂತಿದ್ದಳು. ಚೆನ್ನಮ್ಮ ಅವಳ ಪಕ್ಕ ನೆಲದ ಮೇಲೆ ಬಹಳ ಹೊತ್ತು ಕೂತಿದ್ದು ಬಂದಳು. ಮರಳುವಾಗ ದೋಣಿಯಲ್ಲಿ ಅಪೂರ್ವಾಗೆ ಒಂದೇ ಮಾತು ಹೇಳಿದಳು: “ಇವರ ಸುದ್ದೀನೂ ಬರಿ. ಟವರ್ ಸುಮ್ಮನಾದ ಕೂಡ್ಲೇ ನಾನು ಅದನ್ನ ನಕಾಶೆದಾಗಿಂದ ತಗದ ಬಿಟ್ಟೆ. ಅಲ್ಲೆ ದೊಡ್ಡ ಚುಕ್ಕಿ ಇಡಬೇಕಾಗಿತ್ತು. ಮೊದಲ ಕರದು ಆಮ್ಯಾಲೆ ಸುಮ್ಮನಾದವರ ಕಡೆನ ಮೊದಲ ಹೋಗಬೇಕು.”

ಅಪೂರ್ವಾ ಬರೆದ ಎರಡನೆಯ ಪ್ರತಿಯಲ್ಲಿ ಕ್ರಾಂತಿಯೂ ಇರಲಿಲ್ಲ, ಸಾವಿರಾರು ಜೀವಗಳೂ ಇರಲಿಲ್ಲ. ಕರೆಗಳು ಸೋತದ್ದು ಹೇಗೆ, ಅವು ಎಲ್ಲಿ ಉಳಿದವು, ದೋಣಿಯಲ್ಲಿ ಡೀಸೆಲ್ ಹೊತ್ತು ಹೋದವರ ಹೆಸರುಗಳೇನು, ಯಾವ ಊರಿಗೆ ತಡವಾಯಿತು, ಯಾಕೆ ತಡವಾಯಿತು ಎಂದು ನೇರವಾಗಿ ಬರೆದಿದ್ದಳು. ರಂಜಿತ್ ಓದಿ, “ತಪ್ಪನ್ನು ನಾವೇ ಹೇಳಿಕೊಳ್ಳುವ ಕಂಪನಿ ಸುದ್ದಿ ಎಲ್ಲಾದರೂ ಇದೆಯಾ?” ಎಂದು ತಲೆ ಹಿಡಿದುಕೊಂಡ. ಚೆನ್ನಮ್ಮ ತೋಳು ಕಟ್ಟಿ ನಿಂತೇ ಇದ್ದಳು. ಒಂದು ದಿನವಿಡೀ ಯೋಚಿಸಿ, ಆತ ಒಂದಕ್ಷರ ತಿದ್ದದೆ ಪ್ರಕಟಿಸಿದ. ಹಾಗೆ ಮಾಡಲೂ ಒಂದು ಎದೆ ಬೇಕು. ಆತನನ್ನು ಬೈಯುವುದರಲ್ಲಿ ಯಾವತ್ತೂ ಹಿಂದೆ ಬೀಳದ ಚೆನ್ನಮ್ಮ ಅಂದು ಅದನ್ನು ಎಲ್ಲರೆದುರು ಹೇಳಿದಳು.

ಆ ಸುದ್ದಿ ಓದಿ ಬಂದ ಮೊದಲ ಫೋನು ಅಭಯನದು. ತಮ್ಮ ಎಲ್ಲ ವಲಯಗಳ ಸೋತ ಕರೆಗಳನ್ನೂ ಇಟ್ಟುಕೊಳ್ಳಬೇಕು, ಸುಮ್ಮನಾದ ಟವರು ಮೊದಲು ಕಾಣುವಂತೆ ನಕ್ಷೆ ಬೇಕು ಎಂದ. ಹಿಂದೆಯೇ ಒಡಿಶಾದ ಮತ್ತು ಅಸ್ಸಾಮಿನ ಗಿರಾಕಿಗಳೂ ಕೇಳಿದರು. ಧ್ವನಿಕೋಶದಲ್ಲಿ ಅದಕ್ಕಾಗಿಯೇ ಒಂದು ವಿಭಾಗ ಹುಟ್ಟಿತು, ಮುಖ್ಯಸ್ಥೆ ಚೆನ್ನಮ್ಮ. ಒಪ್ಪುವ ಮೊದಲು ಆಕೆ ಒಂದೇ ಒಂದು ಷರತ್ತು ಹಾಕಿದಳು: ಯಾವ ಕಾಲಕ್ಕೂ, ಯಾರು ಕೇಳಿದರೂ, ಆ ನಕ್ಷೆಯಲ್ಲಿ ಕರೆ ಮಾಡಿದವರ ನಂಬರು ಕಾಣಕೂಡದು. “ಎಲ್ಲಿ ಕಷ್ಟ ಅನ್ನೋದು ತಿಳಿದರೆ ಸಾಕು. ಯಾರದು ಅಂತ ನಮಗೆ ಬೇಡ.” ಒಬ್ಬ ದೊಡ್ಡ ಗಿರಾಕಿ ಇದಕ್ಕೆ ಒಪ್ಪದೆ ಹಿಂದೆ ಸರಿದ. ಹೋಗಲಿ ಬಿಡಿ ಎಂದು ರಂಜಿತನೇ ಅವನಿಗೆ ನಮಸ್ಕಾರ ಹೇಳಿದ.

ಹೊಸ ಹುದ್ದೆಯ ಸುದ್ದಿಯನ್ನು ಒಂದು ಬಂಗಾಳಿ ಪತ್ರಿಕೆ ಹಾಕಿತು. ಅದರಲ್ಲಿ ಆಕೆಯ ಹೆಸರು ‘ಚಿನ್ಮಯೀ ಪಾತಿಲ್’ ಎಂದಾಗಿತ್ತು. ತನಗೆ ಹೊಗಳಿಕೆ ಬೇಡ ಎನ್ನುತ್ತಿದ್ದ ಹೆಂಗಸು ಆ ದಿನ ಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದ್ದೇ ಕುಕ್ಕಿದ್ದು. “ಎಲ್ಲಾ ಬರದಾರ, ಹೆಸರೊಂದ ನೆಟ್ಟಗ ಬರಿಯಾಕ ಆಗಲಿಲ್ಲ!” ಮೈತ್ರಿ ಆ ಪುಟವನ್ನು ಕತ್ತರಿಸಿ, ಚಿನ್ಮಯೀಯನ್ನು ಹೊಡೆದುಹಾಕಿ, ತನಗೆ ಬರುವ ಓರೆಕೋರೆ ಕನ್ನಡ ಅಕ್ಷರದಲ್ಲಿ ‘ಚೆನಮ್ಮ’ ಎಂದು ಬರೆದು ಗೋಡೆಗೆ ಅಂಟಿಸಿದಳು. ಒಂದು ಒತ್ತಕ್ಷರ ಬಿಟ್ಟಿದ್ದಳು. ಅದನ್ನು ಮಾತ್ರ ಚೆನ್ನಮ್ಮ ತಿದ್ದಲಿಲ್ಲ.

ಈಗ ಆಕೆಯ ವಿಭಾಗದಲ್ಲಿ ಹತ್ತಾರು ಮಂದಿ ಇದ್ದಾರೆ. ಬೆಂಗಳೂರಿನಿಂದ ಬಂದವರೂ ಇದ್ದಾರೆ, ಇಲ್ಲಿಯವರೂ ಇದ್ದಾರೆ. ಆಕೆಯ ಖಾರ ಕಡಿಮೆಯಾಗಿಲ್ಲ. ಬೇರೆ ತಂಡ ಬೇಡಿ ಓಡುವವರು ಮಾತ್ರ ಈಗ ಯಾರೂ ಇಲ್ಲ. ಯಾರೇ ಹೊಸದಾಗಿ ಸೇರಲಿ, ಕಂಪ್ಯೂಟರ್ ಕೊಡುವ ಮೊದಲು ಆಕೆ ಅವರನ್ನು ಯಾವುದಾದರೊಂದು ದ್ವೀಪದ ಟವರಿನ ಬುಡಕ್ಕೆ ಕರೆದುಕೊಂಡು ಹೋಗುತ್ತಾಳೆ. ಕಳೆದ ಚಳಿಗಾಲದಲ್ಲಿ ಹಾಗೆ ಹೋದಾಗ, ಬಿಳಿ ಬೂಟು ಹಾಕಿಕೊಂಡು ಬಂದಿದ್ದ ಋಷಿಕೇಶ್ ಎಂಬ ಬೆಂಗಳೂರಿನ ಹೊಸಬ ಘಾಟಿನ ಕೆಸರು ನೋಡಿ ದೋಣಿಯಲ್ಲೇ ನಿಂತುಬಿಟ್ಟ.

“ಏನಪಾ, ಕೆಸರಿಗೆ ಹೇಸ್ತೀ?” ಎನ್ನುತ್ತ ಚೆನ್ನಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಮೊದಲು ಇಳಿದಳು. ಮೀನಗಂಡದವರೆಗೆ ಹೂತುಕೊಂಡ ಕಾಲನ್ನು ಕಿತ್ತು ಮುಂದಿಡುತ್ತ, ಹಿಂತಿರುಗಿ ನೋಡದೆ, ದಂಡೆಯ ಮೇಲೆ ಕಾಯುತ್ತಿದ್ದ ಟವರಿನ ಕಾವಲುಗಾರನನ್ನು ಹೆಸರು ಹಿಡಿದು ಕರೆದಳು. ಋಷಿಕೇಶ್ ಬೂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹಿಂದೆ ಇಳಿದ.